ಎಲೆಕ್ಟ್ರಿಕ್‌ಗೆ ಪಳಗಿದ ಕೈಗೆ ಅಕೌಸ್ಟಿಕ್ ಗಿಟಾರ್: ಕಲಬುರಗಿಯಲ್ಲಿ ಕೊಳ್ಳುವವರಿಗೆ

ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾಲ್ಕಾರು ವರ್ಷ ಕೈ ಪಳಗಿಸಿಕೊಂಡವರು ಅಕೌಸ್ಟಿಕ್ ಕೊಳ್ಳಲು ಅಂಗಡಿಗೆ ಹೋದರೆ, ಗೋಡೆಗೆ ತೂಗುಹಾಕಿದ ಗಿಟಾರನ್ನು ಇಳಿಸಿಕೊಂಡು ಮೊದಲು ಮೂರನೆಯ ತಂತಿಯನ್ನು ತಮ್ಮ ರೂಢಿಯಂತೆ ಬೆಂಡ್ ಮಾಡಿ (ಸ್ವರ ಏರುವಂತೆ ಅಡ್ಡಕ್ಕೆ ಜಗ್ಗಿ) ನೋಡುತ್ತಾರೆ. ತಂತಿ ಜಗ್ಗುವುದಿಲ್ಲ, ಬೆರಳು ಉರಿಯುತ್ತದೆ. ‘ಇದು ಕೈಗೆ ಕೂಡುವುದಿಲ್ಲ’ ಎಂದು ಅದನ್ನು ಬದಿಗಿಟ್ಟು, ಪಕ್ಕದಲ್ಲಿರುವ ತೆಳು ಹೊಟ್ಟೆಯ, ಸಣ್ಣ ತಂತಿಯ, ಎಲೆಕ್ಟ್ರಿಕ್‌ನಂತೆಯೇ ಭಾಸವಾಗುವ ಗಿಟಾರನ್ನು ಮನೆಗೆ ತರುತ್ತಾರೆ. ಆರು ತಿಂಗಳಾದ ಮೇಲೆ ಅದರ ನಾದ ಡಬ್ಬಿ ಬಡಿದಂತೆ ಕೇಳತೊಡಗುತ್ತದೆ. ಕೈಗೆ ಬಿಗಿಯೆನಿಸಿದ್ದನ್ನು ಮುಂದೆ ಸಡಿಲಿಸಿಕೊಳ್ಳಬಹುದಿತ್ತು, ಆದರೆ ನಾದವಿಲ್ಲದ ಹಲಗೆಯಿಂದ ನಾದ ಹೊರಡಿಸುವ ಉಪಾಯ ಯಾರ ಬಳಿಯೂ ಇಲ್ಲ. ಆದ್ದರಿಂದ ಮುಂದೆ ಬದಲಿಸಿಕೊಳ್ಳಬಹುದಾದದ್ದು ಯಾವುದು, ಬದಲಿಸಲಾಗದ್ದು ಯಾವುದು ಎಂಬುದನ್ನು ಅಂಗಡಿಗೆ ಹೋಗುವ ಮುನ್ನವೇ ಬೇರ್ಪಡಿಸಿಕೊಳ್ಳಬೇಕು.

ಬೆರಳು ಉರಿಯುವುದಕ್ಕೆ ಕಾರಣ ಸರಳವಾಗಿದೆ. ಎಲೆಕ್ಟ್ರಿಕ್‌ಗೆ ಸಾಮಾನ್ಯವಾಗಿ 9 ಅಥವಾ 10ರ ಸೆಟ್ ಹಾಕಿರುತ್ತಾರೆ, ಅಂದರೆ ಮೊದಲ ತಂತಿಯ ದಪ್ಪ 0.009 ಅಥವಾ 0.010 ಇಂಚು ಇರುತ್ತದೆ. ಅಕೌಸ್ಟಿಕ್‌ನಲ್ಲಿ ‘ಲೈಟ್’ ಎಂದು ಕರೆಯುವ ಸೆಟ್ಟೇ 12ರಿಂದ ಆರಂಭವಾಗುತ್ತದೆ. 9ರ ಸೆಟ್ಟಿನ ಆರೂ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಒಟ್ಟು ಎಳೆತ 40 ಕಿಲೋಗಿಂತ ತುಸು ಕಡಿಮೆಯಿದ್ದರೆ, 12ರ ಸೆಟ್ಟಿನಲ್ಲಿ ಅದು 70 ಕಿಲೋ ದಾಟುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವೆಂದರೆ, ಎಲೆಕ್ಟ್ರಿಕ್‌ನ ಮೂರನೆಯ ತಂತಿ ಬರಿಯ ಉಕ್ಕಿನ ಎಳೆಯಾಗಿದ್ದು, ಅಕೌಸ್ಟಿಕ್‌ನ ಮೂರನೆಯ ತಂತಿಗೆ ಕಂಚಿನ ಸುತ್ತು ಇರುತ್ತದೆ. ಬೆಂಡ್ ಮಾಡಲು ಹೋದರೆ ಅದು ಹಟ ಹಿಡಿಯುವುದು ಇದರಿಂದಲೇ. ಹೀಗಾಗಿ ಅಂಗಡಿಯಲ್ಲಿ ಬೆಂಡ್ ಮಾಡಿ ಗಿಟಾರನ್ನು ಅಳೆಯಬೇಡಿ. ಮನೆಗೆ ತಂದ ಮೇಲೆ 11ರ ಅಥವಾ 10ರ ಸೆಟ್ ಹಾಕಿಕೊಂಡರೆ ಕೈಗೆ ಬೇಕಾದ ಅರ್ಧ ಸಮಾಧಾನ ಕೆಲವೇ ನೂರು ರೂಪಾಯಿಗಳಲ್ಲಿ ಸಿಗುತ್ತದೆ. ನಾದ ಸ್ವಲ್ಪ ಸೊರಗುತ್ತದೆ, ನಿಜ. ಆದರೆ ಬೆರಳು ಗಟ್ಟಿಯಾದ ಮೇಲೆ 12ಕ್ಕೆ ಹೋಗಲು ಯಾರ ಅಡ್ಡಿಯೂ ಇರುವುದಿಲ್ಲ.

ಬದಲಿಸಲಾಗದವುಗಳಲ್ಲಿ ಮೊದಲನೆಯದು ಮೇಲ್ಹಲಗೆ, ಅಂದರೆ ಟಾಪ್. ಎಲೆಕ್ಟ್ರಿಕ್‌ನಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಮತ್ತು ಆಂಪ್ಲಿಫೈಯರ್ ಮಾಡುವ ಕೆಲಸವನ್ನು ಇಲ್ಲಿ ಎರಡೂವರೆ-ಮೂರು ಮಿಲಿಮೀಟರ್ ದಪ್ಪದ ಆ ಹಲಗೆ ಮಾಡಬೇಕು. ಅಗ್ಗದ ಗಿಟಾರುಗಳಲ್ಲಿ ಅದು ಪ್ಲೈವುಡ್ ಆಗಿರುತ್ತದೆ. ಒಳ್ಳೆಯವುಗಳಲ್ಲಿ ಸ್ಪ್ರೂಸ್, ಸೀಡರ್ ಅಥವಾ ಮಹಾಗನಿಯ ಇಡೀ ಮರವಿರುತ್ತದೆ, ಇದನ್ನೇ ‘ಸಾಲಿಡ್ ಟಾಪ್’ ಎನ್ನುತ್ತಾರೆ. ನಡುವಿನ ದುಂಡು ರಂಧ್ರದ ಅಂಚನ್ನು ಮೊಬೈಲಿನ ಬೆಳಕಿನಲ್ಲಿ ನೋಡಿದರೆ ಗುರುತು ಸಿಗುತ್ತದೆ. ಮೇಲ್ಮೈಯ ಮರದ ಗೆರೆಗಳು ಅಂಚಿನ ದಪ್ಪದಲ್ಲಿಯೂ ಹಾಗೆಯೇ ಇಳಿದಿದ್ದರೆ ಅದು ಇಡೀ ಮರ, ಅಡ್ಡಡ್ಡ ಪದರಗಳು ಕಂಡರೆ ಪ್ಲೈವುಡ್. ಹಿಂಭಾಗ ಮತ್ತು ಪಕ್ಕಗಳ ಮರದ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದುಬಾರಿ ಗಿಟಾರುಗಳ ಪಟ್ಟಿಯಲ್ಲಿ ‘ಇಂಡಿಯನ್ ರೋಸ್‌ವುಡ್’ ಎಂದು ಬರೆದಿರುವುದು ನಮ್ಮ ಸಹ್ಯಾದ್ರಿಯಲ್ಲಿಯೂ ಬೆಳೆಯುವ ಬೀಟೆ ಮರವೇ ಎಂಬ ಹೆಮ್ಮೆಗೋಸ್ಕರ ಹೆಚ್ಚಿನ ಹಣ ತೆರುವ ಅಗತ್ಯವಿಲ್ಲ.

ಇಡೀ ಮರವೆಂದ ಕೂಡಲೇ ಕಲಬುರಗಿಯವರು ಬಿಸಿಲಿನ ಲೆಕ್ಕ ಹಾಕಬೇಕು. ನಾನು ಕೊಂಡ ಮೊದಲ ಅಕೌಸ್ಟಿಕ್ ಮುಂದೆ, ಹಿಂದೆ, ಪಕ್ಕ ಎಲ್ಲವೂ ಇಡೀ ಮರದ್ದಾಗಿತ್ತು. ಡಿಸೆಂಬರಿನಲ್ಲಿ ತಂದು, ಎಲ್ಲರಿಗೂ ಕಾಣಲೆಂದು ಪಡಸಾಲೆಯ ಗೋಡೆಗೆ ತೂಗುಹಾಕಿದ್ದೆ. ಏಪ್ರಿಲ್ ಮಧ್ಯದಲ್ಲಿ ಒಂದು ದಿನ ಕೈಯನ್ನು ನೆಕ್ಕಿನ (ಗಿಟಾರಿನ ಕತ್ತಿನ) ಮೇಲೆ ಸರಿಸಿದಾಗ ಅಂಗೈಗೆ ಗರಗಸದ ಹಲ್ಲು ತಾಗಿದಂತಾಯಿತು. ಫ್ರೆಟ್‌ಗಳ (ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ತುದಿಗಳು ಮರದಿಂದ ಹೊರಗೆ ಚಾಚಿಕೊಂಡಿದ್ದವು. ತಯಾರಿಕೆಯ ದೋಷವೆಂದು ಮಾರಿದವರೊಡನೆ ಜಗಳಕ್ಕೇ ಇಳಿದೆ. ಬೆಳೆದದ್ದು ಲೋಹವಲ್ಲ, ಒಣಗಿ ಕುಗ್ಗಿದ್ದು ಮರ ಎಂದು ತಿಳಿಯುವ ಹೊತ್ತಿಗೆ ತಂತಿಗಳ ಬುಡವನ್ನು ಹಿಡಿದಿಡುವ ಬ್ರಿಡ್ಜಿನ ಕೆಳಗೆ ಕೂದಲೆಳೆಯಂಥ ಬಿರುಕೊಂದು ಮೂಡಿ, ಉಗುರಿಗೆ ತಾಗುವಷ್ಟಾಗಿತ್ತು. ಗಿಟಾರ್ ತಯಾರಕರು ಗಾಳಿಯ ತೇವಾಂಶ ಶೇ. 45ರಿಂದ 55ರವರೆಗೆ ಇರಬೇಕೆನ್ನುತ್ತಾರೆ. 42 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳಲ್ಲಿ ಅದು ಇದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಸಂಜೆ ಕೂಲರ್ ಹಚ್ಚಿದರೆ ಅದೇ ಕೋಣೆ ಒಮ್ಮೆಲೇ ತೇವವಾಗುತ್ತದೆ. ಮರಕ್ಕೆ ಒಣಗುವುದಕ್ಕಿಂತ ಈ ದಿನನಿತ್ಯದ ಏರಿಳಿತ ಹೆಚ್ಚು ಕಾಟ ಕೊಡುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಕಲಬುರಗಿ, ಯಾದಗಿರಿಗಳಲ್ಲಿ ಮೊದಲ ಅಕೌಸ್ಟಿಕ್ ಕೊಳ್ಳುವವರಿಗೆ ನಾನು ಹೇಳುವುದು ಮೇಲ್ಹಲಗೆ ಮಾತ್ರ ಇಡೀ ಮರದ್ದಾಗಿ, ಹಿಂಭಾಗ ಮತ್ತು ಪಕ್ಕಗಳು ಪ್ಲೈವುಡ್ ಆಗಿರುವ ಗಿಟಾರನ್ನೇ. ನಾದದಲ್ಲಿ ಕಳೆದುಕೊಳ್ಳುವುದು ಅಲ್ಪ, ನಿದ್ದೆಯಲ್ಲಿ ಉಳಿಸಿಕೊಳ್ಳುವುದು ಬಹಳ. ಬೀದರ್ ಎತ್ತರದ ಊರಾದ್ದರಿಂದ ಅಲ್ಲಿ ಬಿಸಿ ಒಂದಿಷ್ಟು ಕಡಿಮೆಯಾದರೂ ಬೇಸಿಗೆಯ ಗಾಳಿ ಅಲ್ಲಿಯೂ ಒಣಗಿದ್ದೇ.

ಎರಡನೆಯದು ಒಡಲಿನ ಗಾತ್ರ. ಎಲೆಕ್ಟ್ರಿಕ್‌ನ ನಾಲ್ಕೂವರೆ ಸೆಂಟಿಮೀಟರ್ ದಪ್ಪಕ್ಕೆ ಒಗ್ಗಿದ ಬಲತೋಳು, ಹನ್ನೆರಡು ಸೆಂಟಿಮೀಟರಿನಷ್ಟು ದಪ್ಪವಿರುವ ಡ್ರೆಡ್‌ನಾಟ್‌ನ ಮೇಲೆ ಅರ್ಧ ಗಂಟೆ ಚಾಚಿದರೆ ಭುಜ ಸೆಳೆಯುತ್ತದೆ. ಮಾರ್ಟಿನ್ ಕಂಪನಿ 1916ರಲ್ಲಿ ಮೊದಲು ತಯಾರಿಸಿದ ಈ ದೊಡ್ಡ ಆಕಾರಕ್ಕೆ ಯುದ್ಧನೌಕೆಯೊಂದರ ಹೆಸರಿಟ್ಟದ್ದು ತಕ್ಕದ್ದೇ ಆಗಿದೆ. ಚರ್ಚಿನ ಗಾಯನ ತಂಡದಲ್ಲಿ ಮೈಕಿಲ್ಲದೆ ಇಪ್ಪತ್ತು ದನಿಗಳ ನಡುವೆ ಸ್ಟ್ರಮ್ ಮಾಡಬೇಕಾದವರಿಗೆ ಅದರ ದೊಡ್ಡ ದನಿ ಬೇಕಾಗುತ್ತದೆ. ಆದರೆ ಒಂಟಿ ಸ್ವರಗಳಲ್ಲಿ ಲೀಡ್ ನುಡಿಸಿ ಬಂದವರಿಗೆ, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಭಜನೆಗೋ ತತ್ವಪದಕ್ಕೋ ಜೊತೆ ಕೊಡುವವರಿಗೆ, ಸೊಂಟ ಸಣ್ಣದಿರುವ ಓಎಂ ಅಥವಾ ಕಾನ್ಸರ್ಟ್ ಆಕಾರವೇ ಒಗ್ಗುತ್ತದೆ. ಮೇಲಿನ ತಂತಿಗಳ ಸ್ವರ ಅದರಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಯಮಹಾದ ಎಫ್‌ಜಿ 800 ಮತ್ತು ಎಫ್‌ಎಸ್ 800 ಎರಡಕ್ಕೂ ಇಡೀ ಸ್ಪ್ರೂಸಿನ ಮೇಲ್ಹಲಗೆಯೇ ಇದೆ. ಮೊದಲನೆಯದರ ತಂತಿಯ ಉದ್ದ 650 ಮಿಲಿಮೀಟರ್, ಸಣ್ಣ ಒಡಲಿನ ಎರಡನೆಯದರದ್ದು 634 ಮಿಲಿಮೀಟರ್. ಉದ್ದ ಕಡಿಮೆಯಾದಷ್ಟೂ ಅದೇ ಶ್ರುತಿಗೆ ಎಳೆತ ಕಡಿಮೆ ಸಾಕಾಗುವುದರಿಂದ ಎಲೆಕ್ಟ್ರಿಕ್ ಕೈಗೆ ಎಫ್‌ಎಸ್ ಬೇಗ ಹೊಂದುತ್ತದೆ. ಹನ್ನೆರಡನೆಯ ಫ್ರೆಟ್ ದಾಟಿ ನುಡಿಸುವ ಚಟವಿದ್ದರೆ ಕಟ್‌ಅವೇ (ಕೈ ಮೇಲಿನ ಫ್ರೆಟ್‌ಗಳಿಗೆ ತಲುಪಲು ಒಡಲಿನಲ್ಲಿ ಕೊರೆದ ತಗ್ಗು) ಇರುವುದನ್ನು ನೋಡಿ, ಇಲ್ಲದಿದ್ದರೆ ಅದಕ್ಕೆ ಹಣ ಹಾಕಬೇಡಿ.

ಮೂರನೆಯದು ನೆಕ್ಕಿನ ಕೋನ. ಎಲೆಕ್ಟ್ರಿಕ್ ನುಡಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎಲೆಕ್ಟ್ರಿಕ್‌ನಲ್ಲಿ ಆಕ್ಷನ್ (ಫ್ರೆಟ್ಟಿನಿಂದ ತಂತಿಗಿರುವ ಎತ್ತರ) ಹೆಚ್ಚಾದರೆ ಪುಟ್ಟ ಕೀಲಿಯಿಂದ ಪ್ರತಿ ತಂತಿಯ ಸ್ಯಾಡಲ್ ಇಳಿಸಿಬಿಡಬಹುದು. ಅಕೌಸ್ಟಿಕ್‌ನಲ್ಲಿ ಬ್ರಿಡ್ಜನ್ನು ಮೇಲ್ಹಲಗೆಗೆ ಅಂಟಿಸಿರುತ್ತಾರೆ, ಸ್ಯಾಡಲ್ ಎಂಬುದು ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಮಾತ್ರ. ಅದರ ತಳವನ್ನು ಅರದಿಂದ ಉಜ್ಜಿಯೇ ತಂತಿಯನ್ನು ಇಳಿಸಬೇಕು. ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ಲಿನಲ್ಲಿ ಒಂದು ಮಿಲಿಮೀಟರ್ ಉಜ್ಜಬೇಕಾಗುತ್ತದೆ. ಆದ್ದರಿಂದ ಸ್ಯಾಡಲ್ ಬ್ರಿಡ್ಜಿನಿಂದ ಎಷ್ಟು ಮೇಲೆದ್ದಿದೆ ಎಂಬುದೇ ಆ ಗಿಟಾರಿನ ಆಯುಷ್ಯದ ಲೆಕ್ಕ. ಮೂರು ಮಿಲಿಮೀಟರ್ ಇದ್ದರೆ ನೆಮ್ಮದಿ. ತಂತಿ ಇನ್ನೂ ಎತ್ತರದಲ್ಲಿರುವಾಗಲೇ ಸ್ಯಾಡಲ್ ಸವೆದು ಬ್ರಿಡ್ಜಿಗೆ ಸಮನಾಗಿದ್ದರೆ ನೆಕ್ಕಿನ ಕೋನವೇ ಕೆಟ್ಟಿದೆ ಎಂದರ್ಥ, ಅಂಗಡಿಯವರು ಎಷ್ಟು ರಿಯಾಯಿತಿ ಕೊಟ್ಟರೂ ಕೈ ಮುಗಿದು ಹೊರಬನ್ನಿ. (ತಂಬೂರಿಯ ಜವಾರಿ (ಝೇಂಕಾರ) ತೆಗೆಯುವವರಿಂದ ಈ ಸ್ಯಾಡಲ್ ಕೆಲಸ ಮಾಡಿಸಬಹುದೇ ಎಂದು ಕೇಳುವವರಿದ್ದಾರೆ. ಅರ ಒಂದೇ ಆದರೂ ಉದ್ದೇಶ ತಿರುವುಮುರುವು: ತಂಬೂರಿಯ ತಂತಿ ಅದರ ಬ್ರಿಡ್ಜಾದ ಕುದುರೆಯ ಮೇಲೆ ಒರಸಿಕೊಂಡು ಝೇಂಕರಿಸಬೇಕು, ಗಿಟಾರಿನ ತಂತಿ ಒಂದೇ ಅಂಚಿನಿಂದ ಚೊಕ್ಕವಾಗಿ ಬಿಡಬೇಕು.)

ಇದನ್ನೆಲ್ಲ ಅಳೆಯಲು ಉಪಕರಣಗಳೇನೂ ಬೇಡ. ಉಬ್ಬಕ್ಷರಗಳಿಲ್ಲದ ಒಂದು ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಮೂರು ಕಾರ್ಡುಗಳನ್ನು ಒಟ್ಟಾಗಿ ಹಿಡಿದು ಹನ್ನೆರಡನೆಯ ಫ್ರೆಟ್ಟಿನ ಮೇಲೆ ಆರನೆಯ ತಂತಿಯ ಕೆಳಗೆ ತೂರಿಸಿ. ತಂತಿಯನ್ನು ಎತ್ತದೆ ಮೆಲ್ಲಗೆ ಸರಿದರೆ ಆಕ್ಷನ್ ಸರಿಯಾಗಿದೆ, ನಾಲ್ಕು ಕಾರ್ಡು ಸಲೀಸಾಗಿ ಹೋದರೆ ಕೆಲಸ ಬಾಕಿಯಿದೆ ಎಂದರ್ಥ. ಬಳಿಕ ಆರನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ ಹದಿನಾಲ್ಕನೆಯದರಲ್ಲಿಯೂ ಒತ್ತಿ ಹಿಡಿದು ನಡುವೆ ನೋಡಿ. ವಿಸಿಟಿಂಗ್ ಕಾರ್ಡು ತೂರುವಷ್ಟು ಸಂದು ಇರಬೇಕು. ಅದಕ್ಕಿಂತ ಹೆಚ್ಚು ಕಡಿಮೆಯಿದ್ದರೆ ಟ್ರಸ್ ರಾಡ್ (ನೆಕ್ಕಿನ ಬಾಗುವಿಕೆ ಸರಿಪಡಿಸಲು ಅದರೊಳಗಿರುವ ಲೋಹದ ಸರಳು) ತಿರುಗಿಸಿ ಸರಿಪಡಿಸಬಹುದು, ಈ ವಿದ್ಯೆ ನಿಮಗೆ ಎಲೆಕ್ಟ್ರಿಕ್‌ನಿಂದಲೇ ಬಂದಿರುತ್ತದೆ. ಕೊನೆಗೆ ಬ್ರಿಡ್ಜಿನ ಹಿಂದಿನ ಮೇಲ್ಹಲಗೆಯನ್ನು ಪಕ್ಕದಿಂದ ನೋಡಿ. ಸ್ವಲ್ಪ ಉಬ್ಬಿರುವುದು ಸಹಜ, ಆದರೆ ಬ್ರಿಡ್ಜಿನ ಹಿಂದಿನ ಅಂಚಿನ ಕೆಳಗೆ ತೆಳು ಕಾಗದ ತೂರಿದರೆ ಅಂಟು ಬಿಡುತ್ತಿದೆಯೆಂದು ತಿಳಿಯಬೇಕು.

ನಾದವನ್ನು ಪರೀಕ್ಷಿಸುವಾಗ ನಿಮಗೆ ಚೆನ್ನಾಗಿ ಬರುವ ಲೀಡನ್ನು ನುಡಿಸಬೇಡಿ. ಅದು ನಿಮ್ಮ ಕೈಚಳಕವನ್ನು ತೋರಿಸುತ್ತದೆಯೇ ಹೊರತು ಗಿಟಾರನ್ನಲ್ಲ. ಒಂದೇ ಒಂದು ಜಿ ಸ್ವರಗುಚ್ಛವನ್ನು (ಜಿ ಕಾರ್ಡ್) ಪಿಕ್ ಇಲ್ಲದೆ, ಹೆಬ್ಬೆರಳಿನ ಮೃದುವಾದ ಭಾಗದಿಂದ, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಸವರಿ, ಅದು ಪೂರ್ತಿ ಆರುವವರೆಗೆ ಕಾಯಿರಿ. ಒಳ್ಳೆಯ ಹಲಗೆ ಅಷ್ಟಕ್ಕೇ ಎಚ್ಚರಗೊಂಡು, ನಿಮ್ಮ ಹೊಟ್ಟೆಗೆ ತಾಗಿರುವ ಹಿಂಭಾಗ ನಡುಗುವುದು ಅಂಗಿಯ ಮೇಲೆಯೇ ತಿಳಿಯುತ್ತದೆ. ಬಳಿಕ ಮೊದಲ ತಂತಿಯಲ್ಲಿ ಐದನೆಯ ಫ್ರೆಟ್ಟಿನಿಂದ ಹನ್ನೆರಡರವರೆಗೆ ಒಂದೊಂದೇ ಸ್ವರ ನುಡಿಸಿ. ಆಂಪ್ಲಿಫೈಯರ್ ಕೊಡುತ್ತಿದ್ದ ನೀಳ ಉಸಿರು ಇಲ್ಲಿರುವುದಿಲ್ಲ, ಆದರೂ ಸ್ವರ ಸೂಜಿಯಂತೆ ಚುಚ್ಚದೆ ದುಂಡಾಗಿ ಕೇಳಬೇಕು. ಗಿಟಾರಿನ ದನಿ ಮುಂದಕ್ಕೆ ಹೋಗುವುದರಿಂದ, ಜೊತೆಗೆ ಬಂದವರ ಕೈಗೆ ಅದನ್ನು ಕೊಟ್ಟು ಎದುರಿಗೆ ನಿಂತು ಕೇಳುವುದನ್ನು ಮರೆಯಬೇಡಿ. ಹಾಡುವವರಿಗೆ ಜೊತೆ ನೀಡುವ ಉದ್ದೇಶವಿದ್ದರೆ ಕೇಪೋ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿಯೂ ನೋಡಿ. ನಮ್ಮ ಕಡೆಯ ಹಾಡುಗಾರರು ಹಾರ್ಮೋನಿಯಂ ಮುಂದೆ ಕುಳಿತು ‘ಕಾಳಿ ಎರಡು’ (ಎರಡನೆಯ ಕಪ್ಪು ಮನೆಯ ಶ್ರುತಿ, ಡಿ ಶಾರ್ಪ್) ಎಂದರೆ ನೀವು ಮೊದಲ ಫ್ರೆಟ್ಟಿಗೆ ಕೇಪೋ ಹಾಕಿ ಡಿ ಆಕಾರದಲ್ಲಿ ನುಡಿಸಬೇಕಾಗುತ್ತದೆ. ಆಗ ಶ್ರುತಿ ಚೂರು ಏರಿದಂತೆ ಕೇಳಿಸಿದರೆ ನಟ್ಟಿನ (ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿಯ) ಅಥವಾ ಫ್ರೆಟ್ಟಿನ ಕೆಲಸ ನೆಟ್ಟಗಿದೆಯೇ ಎಂದು ಇನ್ನೊಮ್ಮೆ ನೋಡಬೇಕು.

ಒಳಗೆ ಪಿಕಪ್ ಇದೆಯೆಂಬ ಒಂದೇ ಕಾರಣಕ್ಕೆ ಯಾವ ಗಿಟಾರನ್ನೂ ಕೊಳ್ಳಬೇಡಿ. ಅದೇ ಬೆಲೆಯಲ್ಲಿ ಪಿಕಪ್ ಇಲ್ಲದ ಗಿಟಾರಿಗೆ ಉತ್ತಮ ಹಲಗೆ ಸಿಗುತ್ತದೆ, ರಂಧ್ರಕ್ಕೆ ಸಿಕ್ಕಿಸುವ ಪಿಕಪ್ಪನ್ನು ಮುಂದೆ ಯಾವಾಗ ಬೇಕಾದರೂ ತರಬಹುದು. ನಿಮ್ಮ ಎಲೆಕ್ಟ್ರಿಕ್ ಆಂಪ್ಲಿಫೈಯರಿನ ಸ್ಪೀಕರ್ ಮೇಲ್ತರಂಗಗಳನ್ನು ನುಂಗಿಬಿಡುವುದರಿಂದ ಅಕೌಸ್ಟಿಕ್‌ಗೆ ಅದು ಹೊಂದುವುದಿಲ್ಲ. ಮಿಕ್ಸರ್ ಅಥವಾ ಕೀಬೋರ್ಡಿನ ಆಂಪ್ಲಿಫೈಯರಿಗೆ ಜೋಡಿಸುವುದು ಮೇಲು.

ಕಲಬುರಗಿಯಲ್ಲಿ ಒಂದೇ ಕಡೆ ಹತ್ತಾರು ಸಾಲಿಡ್ ಟಾಪ್ ಗಿಟಾರುಗಳನ್ನು ಹೋಲಿಸಿ ನೋಡುವ ಅವಕಾಶ ಕಡಿಮೆ. ರೈಲು ಹತ್ತಿ ಹೈದರಾಬಾದಿಗೆ ಹೋಗಿ ಬರುವುದೇ ಆದರೆ ಅಕ್ಟೋಬರಿನಿಂದ ಫೆಬ್ರವರಿಯ ನಡುವೆ ಹೋಗಿ. ಮೇ ತಿಂಗಳಲ್ಲಿ ಎಸಿ ಅಂಗಡಿಯಿಂದ ಹೊರಬಿದ್ದ ಗಿಟಾರ್ ಬಸ್ಸಿನ ಡಿಕ್ಕಿಯಲ್ಲಿ ಬೆಂದು ಮನೆ ಸೇರುವುದು ಬೇಡ. ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಿ, ಹಿಂದಿರುಗಿಸುವ ಗಡುವಿನೊಳಗೇ ಆ ಮೂರು ಕಾರ್ಡುಗಳ ಪರೀಕ್ಷೆ ಮುಗಿಸಿ. ಯಾವ ಗಿಟಾರ್ ತಂದರೂ ಸ್ಯಾಡಲ್, ನಟ್, ಟ್ರಸ್ ರಾಡ್‌ಗಳ ಸೆಟಪ್‌ಗೆ ಹಣವನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ.

ಮನೆಯಲ್ಲಿ ಗೋಡೆಯ ಮೊಳೆಯನ್ನು ಮರೆತು, ಗಟ್ಟಿ ಕೇಸನ್ನು ಕೂಲರಿನ ಗಾಳಿ ನೇರವಾಗಿ ಬೀಸದ ಮೂಲೆಯಲ್ಲಿ ಇಡಿ. ಹಳೆಯ ಸೋಪಿನ ಡಬ್ಬಿಯೊಂದಕ್ಕೆ ಏಳೆಂಟು ತೂತು ಕೊರೆದು, ಹನಿಯದಂತೆ ಹಿಂಡಿದ ಸ್ಪಂಜನ್ನು ಅದರೊಳಗಿಟ್ಟು, ನೆಕ್ಕಿನ ತಲೆಯ ಕಡೆ ಕೇಸಿನಲ್ಲಿ ಸೇರಿಸಿದರೆ ಬೇಸಿಗೆಗೆ ಸಾಕು. ಜೊತೆಗೊಂದು ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್ ಇರಲಿ. ಮಾರ್ಚ್ ಮೊದಲ ವಾರ ಡಬ್ಬಿಯನ್ನು ಒಳಗಿಡಬೇಕು, ಮಳೆ ಹಿಡಿದ ಮೇಲೆ ಮುಳ್ಳು 55 ದಾಟಿದ ದಿನ ಹೊರಗೆ ತೆಗೆಯಬೇಕು.