ಹೆಸರಿಲ್ಲದ ಲಾಟುಗಳಲ್ಲೇ ನನ್ನ ಉಮರ್ ಸಿಕ್ಕಿದ್ದು

ಲಂಡನ್ನಿನ ಹೆಸರಾಂತ ಪುಸ್ತಕ ಬೈಂಡರ್‌ಗಳಾದ ಸಂಗೋರ್ಸ್ಕಿ ಅಂಡ್ ಸಟ್‌ಕ್ಲಿಫ್ ರಟ್ಟು ಕಟ್ಟಿದ ಉಮರ್ ಖಯ್ಯಾಮ್, ಅಂದರೆ ಅವನ ಪದ್ಯಗಳ 'ರುಬಾಯತ್', ಸಂಬಳದವನ ಕೈಗೆ ಸಿಗುವ ಮಾಲಲ್ಲ ಎಂದು ಲಂಡನ್ನಿನ ಪುಸ್ತಕ ಮೇಳಗಳಲ್ಲಿ ಹಳಬರೆಲ್ಲ ನನಗೆ ಬುದ್ಧಿ ಹೇಳಿದ್ದರು. ಈಗ ನನ್ನ ಹತ್ತಿರ ಮೂರಿವೆ. ಮೂರಕ್ಕೂ ಸೇರಿ ಸಾವಿರ ಪೌಂಡಿನ ಆಸುಪಾಸು ಕೊಟ್ಟಿರಬೇಕು. ಅಂಗಡಿಯಲ್ಲಾದರೆ ಅಷ್ಟಕ್ಕೆ ಒಂದು ಬಂದರೂ ದೊಡ್ಡದು.

ನಾನು ಮಾಡಿದ್ದಿಷ್ಟೇ. ಬೈಂಡರ್ ಹೆಸರು ಹಾಕಿದ ಲಾಟುಗಳನ್ನು (ಹರಾಜಿನಲ್ಲಿ ಒಂದು ನಂಬರಿನಡಿ ಮಾರುವ ಮಾಲು) ನೋಡುವುದನ್ನೇ ಬಿಟ್ಟೆ. ಇಂಗ್ಲೆಂಡಿನ ಸಣ್ಣ ಊರುಗಳ ಹರಾಜಿಗೆ ಯಾರದೋ ಮನೆ ಖಾಲಿ ಮಾಡಿದ ಸಾಮಾನೆಲ್ಲ ಒಟ್ಟಿಗೆ ಬರುತ್ತದೆ. ಕ್ಯಾಟಲಾಗಿನಲ್ಲಿ 'ಚರ್ಮದ ರಟ್ಟು, ನವಿಲು ಚಿತ್ರ, ಕವಿತೆ' ಎಂದಷ್ಟೇ ಇರುತ್ತದೆ. ಬರೆದವನು ರಟ್ಟು ತೆರೆದೇ ಇರುವುದಿಲ್ಲ. ನಮಗೆ ಬೇಕಾದ್ದು ಒಳಗಿದೆ: ಮುಂದಿನ ರಟ್ಟಿನ ಒಳಬದಿಯ ಕೆಳಗೆ, ಮಡಚಿ ಅಂಟಿಸಿದ ಚರ್ಮದ ಅಂಚಿನಲ್ಲಿ, ಎಳ್ಳುಕಾಳಿನಷ್ಟು ಎತ್ತರದ ಚಿನ್ನದ ಅಕ್ಷರ. ಆ ಜಾಗದ ಫೋಟೋ ಕೇಳಬೇಕು. ಅದೊಂದನ್ನೇ ಕೇಳಿದರೆ ಅವರೂ ಬಗ್ಗಿ ನೋಡುತ್ತಾರೆ, ಅಲ್ವಾ? ಅದಕ್ಕೇ ಬೆನ್ನು, ಮೂಲೆ, ಹಿಂದಿನ ರಟ್ಟು ಎಲ್ಲದರ ಜೊತೆ ಸೇರಿಸಿ ಕೇಳುತ್ತೇನೆ.

ಹೆಚ್ಚಿನ ಸಲ ಅಲ್ಲಿ ಏನೂ ಇರುವುದಿಲ್ಲ. ಒಂದು ಸಲ ಮಸುಕು ಫೋಟೋ ಬಂತು. ಅರ್ಧಕ್ಕೆ ಹೆಬ್ಬೆರಳು ಅಡ್ಡ. ಬೆರಳಿನ ಪಕ್ಕದಲ್ಲಿ '...ಸ್ಕಿ ಅಂಡ್ ಸಟ್‌...' ಎಂದು ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಹರಾಜಿನಲ್ಲಿ ನನ್ನ ಎದುರಿಗೆ ಇದ್ದದ್ದು ಒಬ್ಬನೇ, ಅವನೂ 180ಕ್ಕೆ ಕೈಬಿಟ್ಟ.

ಇಂಟರ್ನೆಟ್ ಬಂದ ಮೇಲೆ ಹೀಗೆ ಸಿಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ ಒಂದೇ. ಹರಾಜಿನ ಬೆಲೆ ಆ ದಿನ ಎದುರಿಗೆ ಯಾರಿದ್ದಾರೆ ಎನ್ನುವುದರ ಮೇಲೆ ನಿಂತಿರುತ್ತದೆ. ಇದೇ ಬೈಂಡರ್‌ಗಳು ಸಾವಿರಕ್ಕೂ ಜಾಸ್ತಿ ರತ್ನ ಕೂಡಿಸಿ ಮಾಡಿದ 'ಗ್ರೇಟ್ ಉಮರ್' ಕೂಡ 1912ರ ಹರಾಜಿನಲ್ಲಿ ಹೋದದ್ದು 405 ಪೌಂಡಿಗೆ. ಅದರೊಳಗಿದ್ದದ್ದು ಎಲಿಹು ವೆಡರ್ ಚಿತ್ರ ಬರೆದ 1884ರ ದೊಡ್ಡ ರುಬಾಯತ್. ಕೊಂಡವನು ಅದನ್ನು ಅಮೆರಿಕಕ್ಕೆ ಕಳಿಸಿದ್ದು ಟೈಟಾನಿಕ್‌ನಲ್ಲಿ. ಮುಂದಿನದು ನಿಮಗೆ ಗೊತ್ತೇ ಇದೆ.

ದುಡ್ಡು ಕಳೆದ ಕಥೆಯೂ ಇದೆ. ಎಡ್ಮಂಡ್ ಡ್ಯುಲಾಕ್ ಎಂಬ ಕಲಾವಿದನ ಚಿತ್ರಗಳ 1909ರ ರುಬಾಯತ್ ಆವೃತ್ತಿಯಲ್ಲಿ 20 ಬಣ್ಣದ ಚಿತ್ರ ಇರಬೇಕು. 'ಸಂಪೂರ್ಣ' ಎಂದು ಬರೆದಿದ್ದ ಒಂದನ್ನು ತಂದೆ. ಚಿತ್ರಗಳ ಮೇಲೆ ಹಾಕುವ ತೆಳು ಕಾಗದದ ಪರದೆಗಳು 20 ಇವೆ, ಚಿತ್ರ 17. ಮೂರು ಯಾರ ಮನೆಯ ಗೋಡೆ ಮೇಲಿವೆಯೋ! ಅಂಟು ಒಂದು ಅಂಚಿಗೆ ಮಾತ್ರ ಇರುವುದರಿಂದ ಬಿಡಿಸುವುದು ಸುಲಭ. ಹರಾಜಿನವರು 'ಇದ್ದ ಹಾಗೇ ಮಾರಿದ್ದು' ಎಂದು ಕೈ ತೊಳೆದುಕೊಂಡರು. ಹೋಯಿತು ಇನ್ನೂರು ಪೌಂಡ್. ಇನ್ನೊಂದು ಪುಸ್ತಕ, ಮೆತ್ತನೆ ಸ್ವೀಡ್ (ಮಖಮಲ್ಲಿನಂತೆ ಉಜ್ಜಿದ ಚರ್ಮ) ಹೊದಿಕೆಯದು, ಕೊರಿಯರ್‌ನಲ್ಲಿ ಮಳೆಗೆ ನೆನೆದು ಬಂತು. ಸ್ವೀಡ್ ಮಾತ್ರ ಬೇಡವೇ ಬೇಡ. ನೆನೆಯದಿದ್ದರೂ ಕಪಾಟಿನ ತುಂಬ ಪುಡಿ ಉದುರಿಸುತ್ತದೆ.

ಹರಾಜಿನವರು ಕೊಳ್ಳುವವನಿಂದ ತೆಗೆದುಕೊಳ್ಳುವ ಕಮಿಷನ್ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಸುತ್ತಿಗೆ ಬಿದ್ದದ್ದು ನೂರಕ್ಕಾದರೆ ಕಮಿಷನ್, ಅದರ ಮೇಲಿನ ತೆರಿಗೆ ಎಲ್ಲ ಸೇರಿ ನೂರಾಮೂವತ್ತು ಆಗುತ್ತದೆ. ಅಂಚೆ ಖರ್ಚು ಬೇರೆ. ನಾನು ಮನಸ್ಸಿನಲ್ಲಿರುವ ಮೊತ್ತದ ಮುಕ್ಕಾಲಿಗೇ ನಿಲ್ಲಿಸುತ್ತೇನೆ.

ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುವ ಚರ್ಮದ ಮೇಲೂ ಒಂದಷ್ಟು ಆಟ ಆಡಿದೆ. ಹಳಬರು ಎಣ್ಣೆ ಹಚ್ಚು ಎನ್ನುತ್ತಾರೆ. ಬೆಲೆಯಿಲ್ಲದ ಒಂದು ಹಳೆ ಪುಸ್ತಕದ ಹಿಂದಿನ ರಟ್ಟಿನಲ್ಲಿ ಅರ್ಧಕ್ಕೆ ಎಣ್ಣೆ ಹಚ್ಚಿದೆ. ಉಳಿದ ಅರ್ಧಕ್ಕೆ ಆಲ್ಕೋಹಾಲಿನಲ್ಲಿ ಕರಗಿಸಿದ ಕ್ಲುಸೆಲ್-ಜಿ, ಹಳೆ ಚರ್ಮ ಗಟ್ಟಿ ಮಾಡಲು ಬಳಸುವ ಸೆಲ್ಯುಲೋಸ್ ಪುಡಿ. ವರ್ಷದ ಮೇಲೆ ನೋಡಿದರೆ ಎಣ್ಣೆ ಹಚ್ಚಿದ ಕಡೆ ಅಂಟಂಟು, ಧೂಳು ಕೂತಿತ್ತು. ಕ್ಲುಸೆಲ್ ಕಡೆ ಪುಡಿ ನಿಂತಿತ್ತು. ನೂರು ಮಿಲಿ ಆಲ್ಕೋಹಾಲಿಗೆ ಎರಡು ಗ್ರಾಮಿಗಿಂತ ಗಟ್ಟಿ ಮಾಡಿದರೆ ಬೇಡದ ಹೊಳಪು ಬರುತ್ತದೆ. ಮೊದಲು ಮೂಲೆಯಲ್ಲಿ ನೋಡಿ, ಬಣ್ಣ ಕಪ್ಪಾದರೆ ಅಲ್ಲಿಗೇ ಬಿಡಿ. ಹಸಿರು ಚರ್ಮದ ಬೆನ್ನು ಬಿಸಿಲಿಗೆ ಕಂದು ಆಗಿದ್ದರೆ ಅದಕ್ಕೆ ಮದ್ದಿಲ್ಲ. ಬಣ್ಣ ಬಳಿಯುವ ಬದಲು ಹಾಗೇ ಇಟ್ಟುಕೊಳ್ಳಿ.

ಊರಿಗೆ ಬಂದಾಗ ಲಖನೌದ ನವಲ್ ಕಿಶೋರ್ ಪ್ರೆಸ್ಸಿನ ಕಲ್ಲಚ್ಚಿನ ಶಾಹನಾಮೆಯೊಂದು, ಪರ್ಷಿಯದ ರಾಜರ ಮಹಾಕಾವ್ಯ, ಸಿಕ್ಕಿತು. ರಟ್ಟಿಲ್ಲ, ಕಾಗದ ಹಪ್ಪಳ. ಆದರೆ ಅದರ ವೀರ ರುಸ್ತುಮ್‌ನ ಮೀಸೆ ನೋಡಬೇಕು, ಡ್ಯುಲಾಕ್ ಎಲ್ಲ ಪಕ್ಕಕ್ಕೆ! ನೂರು ವರ್ಷ ದಾಟಿದ ಇಂಥದ್ದನ್ನು ದೇಶದಿಂದ ಆಚೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಹಾಗಾಗಿ ಅದು ಮೈಸೂರಿನಲ್ಲಿ ಅಮ್ಮನ ಬೀರುವಿನಲ್ಲಿ, ಡಿವಿಜಿಯವರ ಕನ್ನಡ ರುಬಾಯತ್ 'ಉಮರನ ಒಸಗೆ'ಯ ಪಕ್ಕ ಇದೆ. ಅಮ್ಮ ನುಸಿಗುಳಿಗೆ ಹಾಕುತ್ತೇನೆ ಅಂದರು, ಬೇಡ ಅಂದೆ.

ಯಾವ ಊರಿನ ಹರಾಜುಗಳು ಎಂದು ಮಾತ್ರ ಕೇಳಬೇಡಿ. ಖಯ್ಯಾಮ್, ರುಬಾಯತ್ ಎನ್ನುವುದನ್ನು ಕ್ಯಾಟಲಾಗಿನವರು ಏನೇನು ತಪ್ಪು ಸ್ಪೆಲಿಂಗಿನಲ್ಲಿ ಬರೆಯುತ್ತಾರೆ ಎಂಬ ಪಟ್ಟಿಯೂ ನನ್ನ ಹತ್ತಿರ ಇದೆ. ಅದನ್ನೂ ಕೊಡುವುದಿಲ್ಲ, ನನಗಿನ್ನೂ ಡ್ಯುಲಾಕ್ ಸಹಿ ಇರುವ 750 ಪ್ರತಿಗಳಲ್ಲಿ ಒಂದು ಬೇಕಿದೆ.