ಸೋಸುವ ಮಡಕೆ ಮಾಡುವುದು ಹೇಗೆ? ಆವಿಗೆಯಲ್ಲಿ ಅವಸರ ಬೇಡ

ಮಳೆಗಾಲ ಹಿಡಿಯಿತೆಂದರೆ ಸಕಲೇಶಪುರ, ಬೇಲೂರು ಕಡೆ ಹಳ್ಳದ ನೀರು, ತೆರೆದ ಬಾವಿಯ ನೀರು ಕೆಂಪಗೆ ಕದಡಿ ಹೋಗುತ್ತದೆ. ಅದನ್ನು ತಿಳಿ ಮಾಡುವ ಮಡಕೆಯನ್ನು ನಮ್ಮ ಜಿಲ್ಲೆಯ ಕುಂಬಾರರ ಕೈಯಲ್ಲೇ ಮಾಡಿಸಬಹುದು. ಗ್ವಾಟೆಮಾಲಾದಲ್ಲಿ 1981ರಲ್ಲಿ ಫರ್ನಾಂಡೊ ಮಜಾರಿಯೆಗೋಸ್ ರೂಪಿಸಿದ ವಿಧಾನ ಸರಳ: ಜೇಡಿಮಣ್ಣಿಗೆ ಹೊಟ್ಟು ಕಲಸಿ ಸುಡುವುದು. ಹೊಟ್ಟು ಉರಿದುಹೋಗಿ ಅದು ಇದ್ದ ಜಾಗ ರಂಧ್ರವಾಗಿ ಉಳಿಯುತ್ತದೆ. ಹುಮ್ಮಸ್ಸಿನಿಂದ ಮಾಡಲು ಹೊರಟವರ ಮಡಕೆಗಳನ್ನು ನೋಡುತ್ತಲೇ ಇದ್ದೇನೆ. ಬಹುಪಾಲು ಕೆಡುವುದು ಆವಿಗೆಯ, ಅಂದರೆ ಮಡಕೆ ಸುಡುವ ಗೂಡಿನ ಬೆಂಕಿಯಲ್ಲಿ.

ಮಣ್ಣು. ಕೆರೆಯ ಜೇಡಿ ಸಾಕು. ಒಣಗಿಸಿ, ಕುಟ್ಟಿ, ಮಾಸ್ಕ್ ಹಾಕಿಕೊಂಡು ಜರಡಿ ಹಿಡಿಯಿರಿ; ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸುಣ್ಣದ ಹರಳಿರುವ ಮಣ್ಣು ಖಂಡಿತ ಬೇಡ. ಬೆಂಕಿಯಲ್ಲಿ ಸುಟ್ಟ ಸುಣ್ಣವಾಗುವ ಹರಳು ಆಮೇಲೆ ತೇವ ಹೀರಿ ಉಬ್ಬಿ, ಮಡಕೆಯ ಚಕ್ಕೆ ಏಳಿಸುತ್ತದೆ. ಅನುಮಾನವಿದ್ದರೆ ಹರಳಿನ ಮೇಲೆ ವಿನೆಗರ್ ಬಿಡಿ, ನೊರೆ ಎದ್ದರೆ ಆ ಮಣ್ಣು ಕೈಬಿಡಿ.

ಹೊಟ್ಟು. ನಮ್ಮಲ್ಲಿ ಎಲ್ಲರೂ ಮೊದಲು ಕೇಳುವುದು ಕಾಫಿ ಹೊಟ್ಟನ್ನು. ಕಾಫಿಯ ಸಿಪ್ಪೆ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ರಾಶಿ ಬಿದ್ದಿರುತ್ತದೆ, ನಿಜ. ಆದರೂ ನಾನು ಹೇಳುವುದು ಭತ್ತದ ಹೊಟ್ಟನ್ನೇ. ಕಾಫಿ ಹೊಟ್ಟಿನ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚು. ಅದು ಮಣ್ಣು ಬೇಗ ಕರಗುವಂತೆ ಮಾಡಿ ರಂಧ್ರ ಮುಚ್ಚಿಸುತ್ತದೆ. ಭತ್ತದ ಹೊಟ್ಟಿನ ಬೂದಿ ಬಹುತೇಕ ಸಿಲಿಕಾ, ತನ್ನಷ್ಟಕ್ಕೆ ಇರುತ್ತದೆ. ಗಿರಣಿಯಲ್ಲಿ ಪುಡಿ ಮಾಡಿಸಿ 30 ಮೆಶ್ ಜರಡಿ, ಅಂದರೆ ಸುಮಾರು 0.6 ಮಿ.ಮೀ. ಕಣ್ಣಿನ ಜರಡಿ ಹಿಡಿಯಿರಿ. ರೈಸ್ ಮಿಲ್‌ನಿಂದ ತಂದ ಹೊಟ್ಟನ್ನು ಹಾಗೇ ಸುರಿಯುವ ಅಡ್ಡದಾರಿ ಹಿಡಿದರೆ, ಒಂದೊಂದು ಉದ್ದ ಹೊಟ್ಟೂ ಒಂದೊಂದು ಓಣಿಯಾಗಿ ಕದಡು ನೀರು ಸೀದಾ ಹೊರಬರುತ್ತದೆ.

ತೂಕದಲ್ಲಿ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಹೊಟ್ಟು. ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಆಮೇಲೆ ನೀರು. ಗೋಡೆ, ತಳ ಎರಡೂ ಒಂದೇ ಸಮ, ಒಂದೂವರೆಯಿಂದ ಎರಡು ಸೆಂ.ಮೀ. ದಪ್ಪ ಇರಲಿ. ಸೋಸಿದ ನೀರು ಬೀಳುವ ಬಕೆಟ್‌ನ ಬಾಯಿಗೆ ಕೂರುವಂತೆ ಅಂಚು ಬಿಡಿ. ನೆರಳಲ್ಲಿ ಪೂರ್ತಿ ಒಣಗಿಸಿ.

ಬೆಂಕಿ. ಇಲ್ಲಿ ಸೌದೆಗಿಂತ ತಾಳ್ಮೆ ಹೆಚ್ಚು ಬೇಕು. ಮೊದಲ ಒಂದೆರಡು ಗಂಟೆ ಬರೀ ಬೆಚ್ಚಗಿನ ಹೊಗೆಯಾಡಲಿ. 120 ಡಿಗ್ರಿ ಸೆಲ್ಸಿಯಸ್ ದಾಟುವ ಮುಂಚೆ ಉಳಿದ ತೇವವೆಲ್ಲ ಹೋಗಬೇಕು. ಇಲ್ಲವಾದರೆ ಒಳಗೇ ಆವಿಯಾಗಿ ಮಡಕೆ ಸಿಡಿಯುತ್ತದೆ. ಇದು ಕುಂಬಾರರಿಗೆಲ್ಲ ಗೊತ್ತು. ಅವರೂ ಎಡವುವುದು ಮುಂದಿನ ಘಟ್ಟದಲ್ಲಿ. 250 ದಾಟಿದ ಮೇಲೆ ಗೋಡೆಯೊಳಗಿನ ಹೊಟ್ಟಿಗೆ ತಾನೇ ಬೆಂಕಿ ಹತ್ತುತ್ತದೆ. ಆಗ ಮಡಕೆಯೇ ಸೌದೆ! ನೀವು ಉರಿ ಹೆಚ್ಚಿಸದಿದ್ದರೂ ಶಾಖ ಏರುತ್ತದೆ. ‘ಆಹಾ, ಚೆನ್ನಾಗಿ ಹಿಡಿಯಿತು’ ಅಂತ ಇನ್ನಷ್ಟು ಸೌದೆ ತುರುಕುತ್ತಾರೆ. ಹೊರಮೈ ಬೇಗ ಬೆಂದು ಬಿಗಿಯಾಗುತ್ತದೆ, ಒಳಗಿನ ಇದ್ದಿಲಿಗೆ ಗಾಳಿ ಸಿಗುವುದಿಲ್ಲ. ಒಡೆದು ನೋಡಿದರೆ ಎರಡು ಕೆಂಪು ಪದರದ ನಡುವೆ ಕಪ್ಪು ಪಟ್ಟಿ. ಆ ಪಟ್ಟಿಯಲ್ಲಿ ರಂಧ್ರಗಳೆಲ್ಲ ಇದ್ದಿಲಿನಿಂದ ಕಟ್ಟಿಕೊಂಡಿರುತ್ತವೆ.

ಆದ್ದರಿಂದ 300ರಿಂದ 650ರವರೆಗೆ ಸೌದೆ ಕಡಿಮೆ ಮಾಡಿ, ಗಾಳಿಗಂಡಿ ತೆರೆದಿಡಿ. ಮೇಲಿನಿಂದ ಬರುವ ಹೊಗೆ ಪೂರ್ತಿ ನಿಲ್ಲುವವರೆಗೆ ಉರಿ ಏರಿಸಬೇಡಿ, ಎಷ್ಟು ಹೊತ್ತಾದರೂ ಸರಿ. ನಂತರ ಸುಮಾರು 850ಕ್ಕೆ ಒಯ್ದು ನಿಲ್ಲಿಸಿ. ಸಾವಿರದತ್ತ ಹೋದಂತೆ ಮಣ್ಣು ಗಾಜಿನಂತೆ ಕರಗತೊಡಗಿ ರಂಧ್ರ ಮುಚ್ಚುತ್ತದೆ. ಮಡಕೆ ಗಟ್ಟಿ, ನೀರು ಮಾತ್ರ ಇಳಿಯದು. ಕಣ್ಣಂದಾಜು ನಂಬಬೇಡಿ, ಆವಿಗೆಯ ಶಾಖ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಕೊಳ್ಳಿ. ಅದೇ ಮಣ್ಣಿನ, ಅದೇ ದಪ್ಪದ ಬಿಲ್ಲೆಯೊಂದನ್ನೂ ಜೊತೆಗೆ ಸುಡಿ, ಒಡೆದು ನೋಡಲು. ಆರಿಸುವಾಗಲೂ ಮುಚ್ಚಿದ ಆವಿಗೆಯಲ್ಲೇ ಬಿಡಿ: 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಮರಳಿನ ಕಣ ದಿಢೀರನೆ ಕುಗ್ಗುತ್ತದೆ, ತಣ್ಣನೆ ಗಾಳಿ ತಾಗಿದರೆ ಸಣ್ಣ ಬಿರುಕು ಖಚಿತ.

ಪರೀಕ್ಷೆ. ಒಂದು ದಿನ ನೆನೆಸಿ, ಖಾಲಿ ಮಡಕೆಯನ್ನು ಅಂಚಿನವರೆಗೆ ನೀರಿಗೆ ಒತ್ತಿ ಹಿಡಿದು ಒಳಗೆ ನೋಡಿ. ಹತ್ತು ಸೆಕೆಂಡಿನೊಳಗೆ ಎಲ್ಲಾದರೂ ಹನಿ ಮೂಡಿದರೆ ಅಲ್ಲಿ ಬಿರುಕಿದೆ. ಅದರಲ್ಲಿ ಗಿಡ ನೆಡಿ. ಆಮೇಲೆ ತುಂಬಿಸಿ ಅಳೆಯಿರಿ: ಗಂಟೆಗೆ ಒಂದರಿಂದ ಮೂರು ಲೀಟರ್ ಇಳಿಯಬೇಕು. ಐದಾರು ಲೀಟರ್ ಬಂದರೆ ಖುಷಿಪಡಬೇಡಿ, ರಂಧ್ರ ದೊಡ್ಡದು ಅಂತ ಅರ್ಥ. ಹೊರಗೆ ಕೆಂಪು ಪೇಂಟ್, ವಾರ್ನಿಷ್ ಬಳಿದು ಸಂತೆಯಲ್ಲಿ ಮಾರುವ ಮಡಕೆಗಳನ್ನಂತೂ ಮುಟ್ಟಲೇಬೇಡಿ. ಮೈ ಮುಚ್ಚಿದ ಮಡಕೆ ಸೋಸುವುದೂ ಇಲ್ಲ, ತಣ್ಣಗೆ ಮಾಡುವುದೂ ಇಲ್ಲ.

ಗಾಜಿನ ಪುಡಿಯಿಂದ ಇದೇ ಕೆಲಸ ಆಗದೇ ಎಂದು ಕೆಲವರು ಕೇಳುತ್ತಾರೆ. ಗಾಜಿನ ಪುಡಿಗೆ ಸ್ವಲ್ಪ ಇದ್ದಿಲಿನ ನುಣ್ಣನೆ ಪುಡಿ ಸೇರಿಸಿ ಕಾಯಿಸಿದರೆ ಅನಿಲ ಎದ್ದು ಗಾಜು ಉಬ್ಬುತ್ತದೆ. ಆದರೆ ಆ ಗುಳ್ಳೆಗಳು ಹೆಚ್ಚಾಗಿ ಒಂದಕ್ಕೊಂದು ಸೇರದ ಮುಚ್ಚಿದ ಕೋಣೆಗಳು. ಶಾಖ ತಡೆಯಲು ಒಳ್ಳೆಯದು, ನೀರು ಸೋಸಲು ಅಲ್ಲ. ಬೋರಾನ್ ಇರುವ ಗಾಜನ್ನು ಆಮ್ಲದಲ್ಲಿ ತೊಳೆದು ಕೆಲವೇ ನ್ಯಾನೋಮೀಟರ್‌ನ ರಂಧ್ರ ಪಡೆಯುವ ವಿಧಾನವೂ ಇದೆ. ಅದು ಪ್ರಯೋಗಾಲಯದ ಕೆಲಸ, ಹಿತ್ತಲಲ್ಲಿ ಬೇಡ.

ಬಳಕೆ. ಒಳ್ಳೆಯ ಮಡಕೆ ಕದಡನ್ನೂ ಬ್ಯಾಕ್ಟೀರಿಯಾದ ಬಹುಪಾಲನ್ನೂ ತಡೆಯುತ್ತದೆ. ವೈರಸ್ ಅದಕ್ಕಿಂತ ಬಹಳ ಸಣ್ಣದು, ನುಸುಳಿಬಿಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಕರಗಿದ ಫ್ಲೋರೈಡ್ ಕೂಡ ಹಾಗೇ ಇಳಿಯುತ್ತದೆ. ಬೇರೆ ಕಡೆ ಇಂಥ ಮಡಕೆಗೆ ಬೆಳ್ಳಿಯ ದ್ರಾವಣ ಹಚ್ಚುತ್ತಾರೆ. ಮನೆಯಲ್ಲಿ ಮಾಡಿದ್ದಕ್ಕೆ ಅದಿರುವುದಿಲ್ಲ, ಹಾಗಾಗಿ ಸೋಸಿದ ನೀರನ್ನು ಕುದಿಸಿಯೇ ಕುಡಿಯಿರಿ. ಹರಿವು ಕಡಿಮೆಯಾದಾಗ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಿ, ಸೋಸಿದ ನೀರಲ್ಲೇ ತೊಳೆಯಿರಿ. ಸೋಪು ಹಾಕಬೇಡಿ: ರಂಧ್ರಕ್ಕೆ ಇಳಿದ ಸೋಪು ದಿನಗಟ್ಟಲೆ ನೀರಿಗೆ ಬಿಡುತ್ತಲೇ ಇರುತ್ತದೆ.