ಊರಿನ ಕಾರ್ಡು ಮಂಗಳೂರಿನಲ್ಲೂ ನಡೆಯುತ್ತದೆ: ಹೊಸಬರಿಗೆ ಮಾರ್ಗದರ್ಶಿ

ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಕೆಲಸಕ್ಕೆ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ಇದನ್ನೇ: "ರೇಷನ್ ಕಾರ್ಡು ಇಲ್ಲಿಗೆ ವರ್ಗ ಮಾಡಿಸಬೇಕೇನ್ರಿ?" ಬೇಡ. ಊರಿನ ಬಿಪಿಎಲ್ ಕಾರ್ಡಿಗೆ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ರೇಷನ್ ಸಿಗುತ್ತದೆ. ಕಾರ್ಡಿನ ನಂಬರ್ ಹೇಳಿ, ಬೆರಳು ಒತ್ತಿದರೆ ಆಯಿತು. ಗಾರೆ ಕೆಲಸದವರ ಬೆರಳಿನ ಗೆರೆ ಸವೆದು ಮಷಿನ್ ಒಪ್ಪುವುದಿಲ್ಲ. ಆಗ ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರು ಹೋಗಲಿ. ಎಲ್ಲರ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಮಾತ್ರ ಆಗಿರಬೇಕು.

ಜಾಸ್ತಿ ಗೋಳು ಗೃಹಲಕ್ಷ್ಮಿಯದ್ದು. ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಬರಬೇಕು. ಮಂಗಳೂರಿಗೆ ಬಂದ ಮೇಲೆ ನಿಂತೇ ಹೋಯಿತು ಎನ್ನುತ್ತಾರೆ. ಎಷ್ಟೋ ಸಲ ನಿಂತಿರುವುದಿಲ್ಲ, ದಾರಿ ಬದಲಾಗಿರುತ್ತದೆ. ಸರಕಾರದ ಈ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕ್ ಖಾತೆಗೆ. ಸಂಬಳಕ್ಕೆಂದು ಇಲ್ಲಿ ಹೊಸ ಖಾತೆ ತೆರೆದಾಗ ಬ್ಯಾಂಕಿನವರು ಅದನ್ನೇ ಜೋಡಿಸಿರುತ್ತಾರೆ. ನೀವು ಊರಿನ ಪಾಸ್‌ಬುಕ್ ನೋಡುತ್ತಾ ಕೂತಿರುತ್ತೀರಿ! ಅರ್ಜಿ ಮತ್ತೆ ಹಾಕುವ ಮೊದಲು ಯಾವ ಖಾತೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಹಾಗೆಯೇ, ಗಂಡನಾಗಲಿ ಹೆಂಡತಿಯಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಈ ಹಣ ಸಿಗುವುದಿಲ್ಲ. ಯಾರೋ ಹೇಳಿದರೆಂದು ಸುಮ್ನೆ ಜಿಎಸ್‌ಟಿ ನಂಬರ್ ತೆಗೆಯಬೇಡಿ.

ಬಾಡಿಗೆ ಮನೆ ನೋಡುವಾಗ ಅಡ್ವಾನ್ಸ್ ಕೊಡುವ ಮುಂಚೆ ಮೀಟರ್ ನೋಡಿ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಇದೆ. ಆದರೆ ನಿಮ್ಮ ಮನೆಗೇ ಬೇರೆ ಮೀಟರ್ ಇರಬೇಕು, ಅದು ಗೃಹಬಳಕೆಯದ್ದಾಗಿರಬೇಕು. ಸಾಲು ಕೋಣೆಗಳಿಗೆಲ್ಲ ಒಂದೇ ಮೀಟರ್ ಇಟ್ಟು, ಮಾಲೀಕರು ಯೂನಿಟ್‌ಗೆ ಇಷ್ಟು ಎಂದು ವಸೂಲಿ ಮಾಡುವ ಕಡೆ ನಿಮಗೆ ಪೈಸೆಯೂ ಉಳಿಯದು. ಹಳೆ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಮೊದಲು ಅದನ್ನು ತೆಗೆಸಬೇಕು. ಇಲ್ಲಿ ಕರೆಂಟು ಕೊಡುವುದು ಮೆಸ್ಕಾಂ, ಸಹಾಯಕ್ಕೆ 1912.

ಬಸ್ಸಿನ ವಿಷಯದಲ್ಲಿ ನಮ್ಮ ಹೆಣ್ಮಕ್ಕಳು ಮೊದಲ ದಿನವೇ ಪೇಚಿಗೆ ಸಿಕ್ಕುತ್ತಾರೆ. ಮಂಗಳೂರು, ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆ ಇಲ್ಲ, ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ ಅಷ್ಟೇ. ಉಚಿತ ಬೇಕೆಂದರೆ ಕೆಎಸ್‌ಆರ್‌ಟಿಸಿ ಬಸ್ಸಿಗೆ ಕಾಯಿರಿ. ನಗರದೊಳಗೆ ಅದನ್ನು ಜನ ನರ್ಮ್ ಬಸ್ ಎನ್ನುತ್ತಾರೆ. ಊರಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸು ಬಿಜೈ ನಿಲ್ದಾಣದಿಂದ ಹೊರಡುತ್ತದೆ, ಸಿಟಿ ಬಸ್ಸುಗಳ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದಲ್ಲ.

ಕಟ್ಟಡ ಕೆಲಸದವರು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಅರ್ಜಿ ಹಾಕಬಹುದು. ವಯಸ್ಸು 18ರಿಂದ 60. ಮೇಸ್ತ್ರಿ ಬದಲಾಗುತ್ತಲೇ ಇರುತ್ತಾರೆ, ಅಲ್ವಾ? ಹಾಗಾಗಿ ಎಲ್ಲಿ, ಎಷ್ಟು ದಿನ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ.

ತುಂಡು ಗುತ್ತಿಗೆ ಹಿಡಿಯುವವರಿಗೆ ಒಂದು ಮಾತು. ಕಂಪನಿ ನಿಮ್ಮ ಬಿಲ್ಲಿನಲ್ಲಿ ಶೇಕಡಾ 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬಹುದು. ಪ್ಯಾನ್ ಕೊಡದಿದ್ದರೆ ಶೇಕಡಾ 20! ನಿಮಗೆ ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ ಆ ಹಣ ವಾಪಸ್ ಸಿಗುತ್ತದೆ, ಆದರೆ ರಿಟರ್ನ್ ಸಲ್ಲಿಸಿದರೆ ಮಾತ್ರ.

ಸಂಘಕ್ಕೆ ಬರುವಾಗ ಆಧಾರ್, ರೇಷನ್ ಕಾರ್ಡು, ಎಲ್ಲ ಪಾಸ್‌ಬುಕ್‌ಗಳನ್ನೂ ತನ್ನಿ. ಆಧಾರ್‌ಗೆ ಜೋಡಿಸಿದ ಮೊಬೈಲೂ ಕೈಯಲ್ಲಿರಲಿ. ಅದನ್ನು ಯಜಮಾನರು ಸೈಟಿಗೆ ಒಯ್ದಿದ್ದರೆ, ಒಟಿಪಿಗಾಗಿ ಸಂಜೆಯವರೆಗೆ ಇಲ್ಲೇ ಕೂರಬೇಕಾಗುತ್ತದೆ.